ಕಾರ್ಟಿಗೆ ಹೊಸ ಶಾಕಪ್ ಹಾಕುವ ಮೊದಲು ಒಂದು ತೂಕದ ಯಂತ್ರ ತನ್ನಿ

ಅಕ್ಕನ ಮನೆ ಇರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿ. ಆ ಊರು ಹೆಸರಾಗಿರುವುದು ಕಾರ್ಟ್ ದಾರಿಗಳಿಗೆ. ಊರಿನ ಉದ್ದಗಲಕ್ಕೂ ಸುಮಾರು 160 ಕಿಲೋಮೀಟರ್ ದಾರಿ ಇದೆ, ಅದರಲ್ಲಿ ಕಾರು ಓಡಿಸುವಂತಿಲ್ಲ. ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ, ಗಾಲ್ಫ್ ಕಾರ್ಟ್ ಓಡಿಸುತ್ತಾರೆ. ಹಾಲು ತರೋಕೆ ಕಾರ್ಟ್, ಪಾರ್ಕಿಗೆ ಹೋಗೋಕೆ ಕಾರ್ಟ್. ಹೈಸ್ಕೂಲ್ ಹುಡುಗರು ಕಾರ್ಟಿನಲ್ಲೇ ಶಾಲೆಗೆ ಬರುತ್ತಾರೆ. ಗಾಲ್ಫ್ ಆಡುವುದು ಆಮೇಲಿನ ಮಾತು.

ದಾರಿಯ ಪಕ್ಕದಲ್ಲೆಲ್ಲ ಪೈನ್ ಮರಗಳು. ಅವುಗಳ ಬೇರು ಡಾಂಬರನ್ನು ಕೆಳಗಿನಿಂದ ಎತ್ತಿಬಿಡುತ್ತದೆ. ನಮ್ಮೂರ ಹಂಪ್‌ನಷ್ಟು ದೊಡ್ಡದೇನಲ್ಲ, ಎರಡು ಬೆರಳು ಎತ್ತರ ಅಷ್ಟೇ. ಆದರೆ ಭಾವನ ಇಪ್ಪತ್ತು ವರ್ಷ ಹಳೆಯ ಕಾರ್ಟ್ ಅದರ ಮೇಲೆ ಹತ್ತಿದರೆ ಸ್ಟೀರಿಂಗ್ ಕೈಗೆ ಒದೆಯುತ್ತದೆ, ಕಪ್ಪಿನಲ್ಲಿದ್ದ ಕಾಫಿ ಪ್ಯಾಂಟಿಗೆ ಬರುತ್ತದೆ. ಹಂಪಿಯಲ್ಲಿ ವಿಜಯವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ಯುವ ಬ್ಯಾಟರಿ ಗಾಡಿಯಲ್ಲಿ ಕೂತಿದ್ದೀರಾ? ಇದೂ ಅದೇ ಜಾತಿಯ ಗಾಡಿ.

ನಾನು ಅಲ್ಲಿಗೆ ಹೋದ ವಾರವೇ ಭಾವ ಒಂದು ದೊಡ್ಡ ಡಬ್ಬ ತರಿಸಿದ್ದರು. ಒಳಗೆ ಕೆಂಪು ಸ್ಪ್ರಿಂಗ್ ಸುತ್ತಿದ ಎರಡು ಶಾಕಪ್, ನಾಲ್ಕು ಕಬ್ಬಿಣದ ತೋಳು, ಒಂದು ಚೀಲ ನಟ್ಟು ಬೋಲ್ಟು. "ಕಾಯಿಲ್‌ಓವರ್ ಕಣೋ. ಹಾಕಿಬಿಟ್ರೆ ಕಾರಲ್ಲಿ ಹೋದ ಹಾಗಿರುತ್ತೆ," ಅಂದರು.

"ಭಾವ, ಮುಂದಿನ ಚಕ್ರದ ಮೇಲೆ ಎಷ್ಟು ಭಾರ ಇದೆ ಅಂತ ನೋಡಿದ್ರಾ?" ಅಂದೆ.

"ಅದ್ಯಾಕೆ ಬೇಕು? ಕಾರ್ಟಿಗೆ ಅಂತಲೇ ಮಾಡಿರೋದಲ್ವಾ?"

ಅದು ಯಾಕೆ ಬೇಕು ಅನ್ನುವುದು ನಮಗೆ ಮುಂದಿನ ಎರಡು ಶನಿವಾರಗಳಲ್ಲಿ ಗೊತ್ತಾಯಿತು.

ಹೆಸರು ಕೇಳಿ ಹೆದರಬೇಡಿ. ನಿಮ್ಮ ಮನೆ ಮುಂದೆ ನಿಂತಿರುವ ಬೈಕಿನ ಹಿಂದಿನ ಶಾಕಪ್ ನೋಡಿ. ನಡುವೆ ಎಣ್ಣೆ ತುಂಬಿದ ಕೊಳವೆ, ಅದರ ಸುತ್ತ ಸುರುಳಿ ಸ್ಪ್ರಿಂಗ್. ಅದೇ ಕಾಯಿಲ್‌ಓವರ್. ಎರಡೂ ಒಂದೇ ಜಾಗದಲ್ಲಿ ಕೂತಿವೆ, ಆದರೆ ಕೆಲಸ ಬೇರೆ ಬೇರೆ. ಸ್ಪ್ರಿಂಗ್ ಭಾರ ಹೊರುತ್ತದೆ. ಗುಂಡಿ ಬಂದಾಗ ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಅದನ್ನು ಹಾಗೇ ಬಿಟ್ಟರೆ ಕುಗ್ಗುತ್ತಾ ಹಿಗ್ಗುತ್ತಾ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಒಳಗಿನ ಕೊಳವೆ, ಅಂದರೆ ಡ್ಯಾಂಪರ್. ಅದರ ಪಿಸ್ಟನ್ನಿನಲ್ಲಿ ಸಣ್ಣ ತೂತುಗಳಿವೆ. ಎಣ್ಣೆ ಆ ತೂತುಗಳಲ್ಲಿ ನುಸುಳಿ ಹೋಗಬೇಕು, ಹೋಗುವಾಗ ಬಿಸಿಯಾಗುತ್ತದೆ. ಗಾಡಿಯ ಕುಣಿತವೆಲ್ಲ ಕೊನೆಗೆ ಶಾಖವಾಗಿ ಗಾಳಿಗೆ ಹೋಗುತ್ತದೆ.

ಸರಿ, ಹಾಗಾದರೆ ಕಾರ್ಟ್ ಯಾಕೆ ಇಷ್ಟು ಕುಲುಕುತ್ತದೆ? ಅದನ್ನು ಮಾಡಿದ್ದೇ ಹುಲ್ಲಿನ ಮೇಲೆ ಓಡಿಸೋಕೆ. ಗಾಲ್ಫ್ ಮೈದಾನದ ಕಾರ್ಟಿನ ವೇಗ ಅಮೆರಿಕದ ಮಾನದಂಡದ ಪ್ರಕಾರ ಗಂಟೆಗೆ 15 ಮೈಲಿ ದಾಟಬಾರದು, ಅಂದರೆ ಸುಮಾರು 24 ಕಿ.ಮೀ. ಆ ವೇಗದಲ್ಲಿ, ಆ ಹುಲ್ಲಿನಲ್ಲಿ, ದಪ್ಪ ಟೈರೇ ಅರ್ಧ ಸಸ್ಪೆನ್ಷನ್. ಎಂಟು ಇಂಚಿನ ರಿಮ್ಮಿನ ಕಾರ್ಟ್ ಟೈರಿಗೆ 20 ಪಿಎಸ್‌ಐ ಆಸುಪಾಸು ಗಾಳಿ ಸಾಕು. ಭಾವ ಕಾರಿನ ಲೆಕ್ಕದಲ್ಲಿ 32 ತುಂಬಿಸಿದ್ದರು! ಡಬ್ಬ ಬಿಚ್ಚುವ ಮೊದಲು ಗಾಳಿ ಇಳಿಸಿ ಒಂದು ಸುತ್ತು ಹೋಗಿ ಬಂದೆವು. ಕಾಲು ಭಾಗ ತೊಂದರೆ ಅಲ್ಲೇ ಹೋಯಿತು, ಅದೂ ಪುಕ್ಕಟೆ. ಶೋಕಿಗೆ 14 ಇಂಚಿನ ಅಲಾಯ್ ರಿಮ್ಮು, ಅದಕ್ಕೆ ತೆಳ್ಳಗಿನ ಟೈರು ಹಾಕಿಸಿಕೊಂಡವರಿಗೆ ಈ ಉಪಾಯವೂ ಇಲ್ಲ. ಟೈರಿನ ಗೋಡೆಯಲ್ಲಿ ಕುಗ್ಗೋಕೆ ಜಾಗವೇ ಇರುವುದಿಲ್ಲ. ಸಾಲದ್ದಕ್ಕೆ ಚಕ್ರದ ತೂಕವೂ ಜಾಸ್ತಿಯಾಗಿ, ಗುಂಡಿಯಲ್ಲಿ ಅದು ಮೇಲೆ ಕೆಳಗೆ ಹೋಗುವುದು ನಿಧಾನವಾಗುತ್ತದೆ.

ಕಾರ್ಟ್ ತಯಾರಿಸುವ ಮೂರು ದೊಡ್ಡ ಕಂಪನಿಗಳ ಕಾರ್ಖಾನೆಗಳು ಜಾರ್ಜಿಯಾದಲ್ಲೇ ಇವೆ. ಇ-ಝಡ್-ಗೋ 1954ರಲ್ಲಿ ಆಗಸ್ಟಾದಲ್ಲಿ ಶುರುವಾಯಿತು, ಕ್ಲಬ್ ಕಾರ್ ಅದರ ಪಕ್ಕದ ಎವಾನ್ಸ್‌ನಲ್ಲಿದೆ. ಯಮಹಾದ ಕಾರ್ಟ್ ಕಾರ್ಖಾನೆ ಪೀಚ್‌ಟ್ರೀ ಸಿಟಿಯ ಪಕ್ಕದ ನ್ಯೂನನ್‌ನಲ್ಲಿ. ಇವರ ಗಾಡಿಗಳ ಮುಂಭಾಗ ಒಂದೇ ಥರ ಇಲ್ಲ. ಇ-ಝಡ್-ಗೋದ ಆರ್‌ಎಕ್ಸ್‌ವಿ, ಯಮಹಾದ ಡ್ರೈವ್ ಇವುಗಳಲ್ಲಿ ಎರಡೂ ಚಕ್ರ ಬೇರೆ ಬೇರೆಯಾಗಿ ಆಡುತ್ತವೆ, ಶಾಕಪ್ ಮೇಲೆ ಸುರುಳಿ ಸ್ಪ್ರಿಂಗ್ ಕಾರ್ಖಾನೆಯಿಂದಲೇ ಬರುತ್ತದೆ. ಅಂಥ ಗಾಡಿಗೆ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರೆ ಆಯಿತು, ಒಂದು ಮಧ್ಯಾಹ್ನದ ಕೆಲಸ. ಇ-ಝಡ್-ಗೋದ್ದೇ ಆದ ಟಿಎಕ್ಸ್‌ಟಿಯಂಥ ಗಾಡಿಗಳಲ್ಲಿ ಮುಂದೆಯೂ ಲೀಫ್ ಸ್ಪ್ರಿಂಗ್. ಲಾರಿಯ ಕೆಳಗೆ ಬಾಗಿದ ಉಕ್ಕಿನ ಪಟ್ಟಿಗಳು ಕಾಣುತ್ತವಲ್ಲ, ಅದರದೇ ಪುಟ್ಟ ತಮ್ಮ. ಕೆಲವು ಕಾರ್ಟ್‌ಗಳಲ್ಲಿ ಇದೇ ಪಟ್ಟಿಯನ್ನು ಈ ಚಕ್ರದಿಂದ ಆ ಚಕ್ರಕ್ಕೆ ಅಡ್ಡಲಾಗಿ ಹಾಕಿರುತ್ತಾರೆ.

ಲೀಫ್ ಸ್ಪ್ರಿಂಗ್ ಬರೀ ಸ್ಪ್ರಿಂಗ್ ಅಲ್ಲ. ಚಕ್ರವನ್ನು ಹಿಡಿದು ನಿಲ್ಲಿಸುವ ತೋಳೂ ಅದೇ. ಅದನ್ನು ಬಿಚ್ಚಿದರೆ ಚಕ್ರ ಎಲ್ಲಿ ನಿಲ್ಲಬೇಕು ಅಂತ ಹೇಳುವವರೇ ಇರುವುದಿಲ್ಲ. ಅದಕ್ಕೇ ಭಾವನ ಡಬ್ಬದಲ್ಲಿ ನಾಲ್ಕು ತೋಳು ಇದ್ದದ್ದು. ಅಂದರೆ ಇದು ಶಾಕಪ್ ಬದಲಾಯಿಸುವ ಕೆಲಸ ಅಲ್ಲ, ಗಾಡಿಯ ಮುಂಭಾಗವನ್ನೇ ಹೊಸದಾಗಿ ಕಟ್ಟುವ ಕೆಲಸ. ಬೆಲೆ ನೋಡುವಾಗ ಇದು ನೆನಪಿರಲಿ. ಬರೀ ಎರಡು ಶಾಕಪ್ ಕೊಟ್ಟು, ಹಳೆಯ ಪಟ್ಟಿಯ ಜೊತೆಗೇ ಹಾಕಿಕೊಳ್ಳಿ ಅನ್ನುವ ಕಿಟ್‌ಗಳೂ ಸಿಗುತ್ತವೆ. ಅವುಗಳಿಂದ ಗಾಡಿ ಇನ್ನೂ ಗಡುಸಾಗುತ್ತದೆ, ಏಕೆಂದರೆ ಈಗ ಎರಡು ಸ್ಪ್ರಿಂಗ್ ಸೇರಿ ತಳ್ಳುತ್ತಿವೆ. ಭಾರ ಹೊರೋಕೆ ಅದು ಸರಿ, ಸುಖಕ್ಕಲ್ಲ.

ಮೊದಲ ಶನಿವಾರ ಕೂತು ಹಾಕಿದೆವು. ಸ್ವಿಚ್ಚನ್ನು 'ಟೋ', ಅಂದರೆ ಗಾಡಿಯನ್ನು ಎಳೆದೊಯ್ಯುವಾಗ ಇಡುವ ಗುರುತಿನ ಕಡೆಗೆ ತಿರುಗಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ, ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಜಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟೆವು. ಬರೀ ಜಾಕಿಯನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಹಳೆಯ ಬೋಲ್ಟು ತುಕ್ಕು ಹಿಡಿದು ಒಂದೂವರೆ ಗಂಟೆ ತಿಂದಿತು. ಉಳಿದದ್ದು ಸಲೀಸು.

ಇಳಿಸಿ ನೋಡಿದರೆ ಗಾಡಿಯ ಮೂತಿ ಸ್ವಲ್ಪ ತಗ್ಗಿತ್ತು. ಶಾಕಪ್ಪಿನ ಕೊಳವೆ ಮೇಲೆ ಬೋಲ್ಟಿಗಿರುವಂಥ ತಿರುಪಿನ ಗೆರೆ ಇದೆ, ಅದರಲ್ಲಿ ಒಂದು ಬಳೆಯಂಥ ನಟ್ಟು. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಭಾವ ಪಾನಾ ಹಿಡಿದು ಎರಡೂ ಕಡೆ ಎರಡೂವರೆ ಸೆಂಟಿಮೀಟರ್ ಒತ್ತಿಸಿದರು. ಮೂತಿ ಎದ್ದಿತು, ಗಾಡಿ ಗಂಭೀರವಾಗಿ ಕಂಡಿತು, ಅಕ್ಕ ಬಂದು ಫೋಟೋ ತೆಗೆದಳು. ಆಮೇಲೆ ಪೈನ್ ಬೇರಿನ ಮೇಲೆ ಹೋದೆವು. ಮೊದಲಿಗಿಂತ ಜೋರಾಗಿ ಹೊಡೆಯಿತು. ಅಷ್ಟೇ ಅಲ್ಲ, ಪ್ರತಿ ಉಬ್ಬು ದಾಟಿದ ಮೇಲೆ ಕೆಳಗಿನಿಂದ 'ಟಕ್' ಅಂತ ಕಬ್ಬಿಣದ ಸದ್ದು. ಭಾವ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಬಿಡಿ.

ಮನೆಗೆ ಬಂದು ಅಕ್ಕನ ಬಾತ್‌ರೂಮಿನಿಂದ ತೂಕ ನೋಡುವ ಯಂತ್ರ ತಂದೆ. ಕಾರ್ಟ್ ತೂಗೋಕೆ ದೊಡ್ಡ ತಕ್ಕಡಿ ಬೇಕಿಲ್ಲ. ಒಂದು ಮುಂದಿನ ಚಕ್ರದ ಕೆಳಗೆ ಯಂತ್ರ ಇಡಿ, ಉಳಿದ ಮೂರು ಚಕ್ರಗಳ ಕೆಳಗೆ ಅಷ್ಟೇ ದಪ್ಪದ ಹಲಗೆ ಇಡಿ, ಓಡಿಸುವವರು ಸೀಟಿನಲ್ಲಿ ಕೂರಲಿ. ಭಾವ ಕೂತಾಗ ಎಡ ಚಕ್ರ 104 ಕೆಜಿ, ಬಲ ಚಕ್ರ 96 ಕೆಜಿ ತೋರಿಸಿತು. ಅಲ್ಲಿ ಓಡಿಸುವವರು ಎಡಗಡೆ ಕೂರುತ್ತಾರಲ್ಲ, ಅದಕ್ಕೇ ಆ ವ್ಯತ್ಯಾಸ. ಮುಂದೆ ಒಟ್ಟು 200 ಕೆಜಿ ಅಷ್ಟೇ. ಕಾರ್ಟಿನ ಭಾರವೆಲ್ಲ ಹಿಂದೆ. ಎಂಟು ವೋಲ್ಟಿನ ಆರು ಸೀಸದ ಬ್ಯಾಟರಿ, ಒಂದೊಂದೂ 28-30 ಕೆಜಿ, ಎಲ್ಲ ಸೀಟಿನ ಕೆಳಗೆ ಕೂತಿವೆ.

ಈ 100 ಕೆಜಿಯಲ್ಲಿ ಚಕ್ರ, ಹಬ್ಬು, ತೋಳಿನ ಅರ್ಧ ಭಾಗ ಇವೆಲ್ಲ ಸ್ಪ್ರಿಂಗಿನ ಕೆಳಗೇ ಇರುವ ತೂಕ. ಅದನ್ನು ಸ್ಪ್ರಿಂಗ್ ಹೊರುವುದಿಲ್ಲ. ಸುಮಾರು 20 ಕೆಜಿ ಅಂತ ಕಳೆದರೆ ಒಂದು ಕಡೆಗೆ 80 ಕೆಜಿ ಉಳಿಯಿತು. ಮುಂದಿನ ಲೆಕ್ಕವೆಲ್ಲ ಈ 80ರ ಮೇಲೆ.

ಗಾಡಿ ಸುಖವಾಗಿರಬೇಕಾದರೆ ತನ್ನ ಭಾರಕ್ಕೇ ಅದು ಒಂದಿಷ್ಟು ತಗ್ಗಬೇಕು. ಎಷ್ಟು ತಗ್ಗುತ್ತದೆ ಅನ್ನುವುದರ ಮೇಲೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದು ನಿಂತಿದೆ. ಇದಕ್ಕೊಂದು ಸುಲಭದ ಲೆಕ್ಕ ಇದೆ: ತಗ್ಗಿದ್ದು ಎಷ್ಟು ಸೆಂಟಿಮೀಟರ್ ಅಂತ ನೋಡಿ, ಅದರ ವರ್ಗಮೂಲ ತೆಗೆದು, 5ನ್ನು ಅದರಿಂದ ಭಾಗಿಸಿ. 11 ಸೆಂ.ಮೀ. ತಗ್ಗಿದರೆ ಸೆಕೆಂಡಿಗೆ ಒಂದೂವರೆ ಸಲ. ಆರಾಮದ ಕಾರುಗಳು ಒಂದರಿಂದ ಒಂದೂವರೆ ಸಲದ ನಡುವೆ ಇರುತ್ತವೆ. ಪುಟ್ಟ ಕಾರ್ಟಿನ ಚಕ್ರಕ್ಕೆ ಅಷ್ಟು ಆಡುವ ಜಾಗ ಇಲ್ಲ. ಆರು ಸೆಂಟಿಮೀಟರಿಗಿಂತ ತುಸು ಜಾಸ್ತಿ ತಗ್ಗಿದರೆ ಸೆಕೆಂಡಿಗೆ ಎರಡು ಸಲ. ಕಾರ್ಟಿಗೆ ಅದೇ ದೊಡ್ಡದು ಅಂತ ಒಪ್ಪಿಕೊಂಡೆವು. 80 ಕೆಜಿಗೆ 6.2 ಸೆಂ.ಮೀ. ತಗ್ಗಬೇಕು ಅಂದರೆ, ಚಕ್ರದ ಹತ್ತಿರ ಸೆಂಟಿಮೀಟರಿಗೆ ಸುಮಾರು 13 ಕೆಜಿ ಗಡುಸು ಬೇಕು, ಅಂದರೆ ಒಂದು ಸೆಂಟಿಮೀಟರ್ ತಗ್ಗೋಕೆ ಅಷ್ಟು ಭಾರ ಹಿಡಿಯಬೇಕು.

ಆದರೆ ಸ್ಪ್ರಿಂಗ್ ಚಕ್ರದ ಹತ್ತಿರ ಇಲ್ಲ! ಅದು ತೋಳಿನ ನಡುವೆ ಎಲ್ಲೋ ಕೂತಿದೆ. ಬಾಗಿಲನ್ನು ಕೀಲಿನ ಹತ್ತಿರ ಕೈಯಿಟ್ಟು ತಳ್ಳಿ ನೋಡಿ, ಎಷ್ಟು ಕಷ್ಟ ಅಂತ. ಹಿಡಿಯ ಹತ್ತಿರ ಬೆರಳಿಟ್ಟರೆ ಸಾಕು, ತೆರೆಯುತ್ತದೆ. ಇಲ್ಲೂ ಹಾಗೇ. ನಮ್ಮ ಕಿಟ್ಟಿನ ತೋಳು ಕೀಲಿನಿಂದ ಚಕ್ರದ ಕಡೆಯ ತುದಿಯವರೆಗೆ 30 ಸೆಂ.ಮೀ., ಶಾಕಪ್ ಕೂತದ್ದು 18 ಸೆಂ.ಮೀ.ನಲ್ಲಿ. ಅಂದರೆ 0.6. ಚಕ್ರ ಹತ್ತು ಸೆಂಟಿಮೀಟರ್ ಎದ್ದರೆ ಸ್ಪ್ರಿಂಗ್ ಕುಗ್ಗುವುದು ಆರೇ. ಅದು ಒಂದು ನಷ್ಟ. ಸ್ಪ್ರಿಂಗ್ ತಳ್ಳುವ ಬಲದಲ್ಲೂ ಚಕ್ರಕ್ಕೆ ತಲುಪುವುದು 0.6 ಭಾಗ. ಅದು ಎರಡನೇ ನಷ್ಟ. ಎರಡನ್ನೂ ಗುಣಿಸಿ: 0.36. ಹಾಗಾಗಿ ಚಕ್ರದ ಹತ್ತಿರ 13 ಕೆಜಿ ಬೇಕಾದರೆ ಸ್ಪ್ರಿಂಗ್ ಸೆಂಟಿಮೀಟರಿಗೆ ಸುಮಾರು 36 ಕೆಜಿಯದ್ದಾಗಬೇಕು. ಅಮೆರಿಕದಲ್ಲಿ ಸ್ಪ್ರಿಂಗಿನ ಮೇಲೆ ಇಂಚಿಗೆ ಇಷ್ಟು ಪೌಂಡ್ ಅಂತ ಬರೆದಿರುತ್ತಾರೆ. ಆ ಲೆಕ್ಕದಲ್ಲಿ ಇದು 200 ಪೌಂಡ್.

ಶಾಕಪ್ಪನ್ನು ಸ್ವಲ್ಪ ಹೊರಗೆ, 21 ಸೆಂ.ಮೀ.ನಲ್ಲಿ ಕೂರಿಸಿದ್ದರೆ 150 ಪೌಂಡ್ ಸಾಕಿತ್ತು. ಮೂರೇ ಸೆಂಟಿಮೀಟರಿಗೆ ಅಷ್ಟು ವ್ಯತ್ಯಾಸ. ಶಾಕಪ್ ಓರೆಯಾಗಿ ನಿಂತರೂ ಬಲ ಸೋರುತ್ತದೆ. 30 ಡಿಗ್ರಿ ವಾಲಿದರೆ ಚಕ್ರಕ್ಕೆ ಸಿಗುವ ಗಡಸುತನದಲ್ಲಿ ಇನ್ನೂ ಕಾಲು ಭಾಗ ಹೋಯಿತು. ನಮ್ಮದು ಸ್ವಲ್ಪವೇ ವಾಲಿತ್ತು, ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ಭಾವ ಬಗ್ಗಿ, ಕೆಂಪು ಸ್ಪ್ರಿಂಗಿನ ಮೇಲಿದ್ದ ಮಣ್ಣು ಒರೆಸಿ, ಅಂಕಿ ಓದಿದರು: 350.

ನಾಲ್ಕು ಜನ ಕೂರುವ, ಎತ್ತರಿಸಿದ, ಭಾರದ ಗಾಡಿಗೆ ಅದು ಸರಿಹೋಗಬಹುದು. ನಮ್ಮ ಗಾಡಿಗೆ ಹಾಕಿದರೆ ತಗ್ಗುವುದೇ ಮೂರೂವರೆ ಸೆಂ.ಮೀ., ಸೆಕೆಂಡಿಗೆ ಎರಡೂವರೆಗಿಂತ ಜಾಸ್ತಿ ಕುಣಿತ. ಮಾರಿದವರ ಪುಟದಲ್ಲಿ ಸ್ಪ್ರಿಂಗಿನ ಅಂಕಿಯೇ ಇರಲಿಲ್ಲ, ಬಣ್ಣ ಮಾತ್ರ ಇತ್ತು.

ಕಣ್ಣಿಗೆ ಇದು ಗೊತ್ತಾಗುವುದೂ ಇಲ್ಲ. ಸುರುಳಿ ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ. 9 ಮಿ.ಮೀ. ತಂತಿಯ ಬದಲು 10 ಮಿ.ಮೀ. ಹಾಕಿದರೆ ನೋಡೋಕೆ ಒಂದೇ ಥರ, ಗಡಸುತನ ಮಾತ್ರ ಶೇ. 52 ಜಾಸ್ತಿ. ಹಾಗೇ, ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸಿದರೆ ಮೆದುವಾಗುತ್ತದೆ ಅನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಆಗುವುದು ಉಲ್ಟಾ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಗಾಡಿ ಮಾತ್ರ ಕೆಳಗಿಳಿಯುತ್ತದೆ.

ಇನ್ನು ಆ 'ಟಕ್' ಸದ್ದಿನ ವಿಷಯ. ನಮ್ಮಲ್ಲಿ ಹಿಂದಿನ ಸೀಟಿಗೆ ಹೆಂಡತಿ ಮಕ್ಕಳು ಹತ್ತಿದರೆ ಮೆಕ್ಯಾನಿಕ್ ಹತ್ತಿರ ಹೋಗಿ "ಶಾಕಪ್ ಒಂದು ಹಲ್ಲು ಟೈಟ್ ಮಾಡಪ್ಪಾ" ಅನ್ನುತ್ತೇವೆ. ಟೈಟ್ ಮಾಡಿದರೆ ಸ್ಪ್ರಿಂಗ್ ಗಡುಸಾಯಿತು ಅಂತ ನಂಬಿದ್ದೇವೆ. ಆಗುವುದಿಲ್ಲ. ಸ್ಪ್ರಿಂಗಿನ ಮೇಲೆ ಕೂತ ಭಾರ ಮೊದಲಿನಷ್ಟೇ, ಹಾಗಾಗಿ ಅದು ಕುಗ್ಗಿರುವುದೂ ಮೊದಲಿನಷ್ಟೇ. ಕೆಳಗಿನ ತಟ್ಟೆ ಏರಿದಷ್ಟು ಗಾಡಿ ಎತ್ತರವಾಗುತ್ತದೆ, ಅಷ್ಟೇ. ಎತ್ತರ ಸಿಕ್ಕಿದಷ್ಟೂ ಚಕ್ರ ಗುಂಡಿಯೊಳಗೆ ಇಳಿಯೋಕೆ ಇದ್ದ ಜಾಗ ಕಡಿಮೆಯಾಗುತ್ತದೆ.

ನಮ್ಮ ಗಾಡಿಯಲ್ಲಿ ಆ ಜಾಗ ಪೂರ್ತಿ ಮುಗಿದಿತ್ತು. ಚಕ್ರದ ಹತ್ತಿರದ 80 ಕೆಜಿ, 0.6ರಲ್ಲಿ ಕೂತ ಸ್ಪ್ರಿಂಗಿಗೆ 133 ಕೆಜಿಯಾಗಿ ಬರುತ್ತದೆ. 350ರ ಸ್ಪ್ರಿಂಗನ್ನು ಎರಡೂವರೆ ಸೆಂ.ಮೀ. ಮೊದಲೇ ಒತ್ತಿಟ್ಟರೆ ಅದು 156 ಕೆಜಿಯಲ್ಲಿ ತಳ್ಳುತ್ತಿರುತ್ತದೆ. ಮೇಲಿನ ಭಾರಕ್ಕಿಂತ ಒಳಗಿನ ಒತ್ತಡವೇ ಜಾಸ್ತಿ! ಹಾಗಾಗಿ ಶಾಕಪ್ ಪೂರ್ತಿ ಚಾಚಿಕೊಂಡೇ ನಿಂತಿತ್ತು. ಸಣ್ಣ ಉಬ್ಬಿಗೆ ಅದು ಅಲುಗುವುದೇ ಇಲ್ಲ, ಗಟ್ಟಿ ಕಂಬಿಯ ಹಾಗೆ. ದೊಡ್ಡ ಉಬ್ಬಿಗೆ ಕುಗ್ಗಿ, ವಾಪಸ್ ಬಂದು ಕೊನೆಯ ತಡೆಗೆ ಹೊಡೆಯುತ್ತದೆ. ಅದೇ ಟಕ್.

ಅದೇ ಒಳ ಅಳತೆಯ, ಅದೇ ಉದ್ದದ 200ರ ಸ್ಪ್ರಿಂಗ್ ಬಿಡಿಯಾಗಿ ಸಿಕ್ಕಿತು. ಎರಡನೇ ಶನಿವಾರ ಅದನ್ನು ಹಾಕಿ, ಬಳೆ ನಟ್ಟನ್ನು ಸ್ಪ್ರಿಂಗಿಗೆ ತಾಗುವಷ್ಟು ಮಾತ್ರ ತಂದು, ಇನ್ನೊಂದು ಸುತ್ತು ತಿರುಗಿಸಿ ನಿಲ್ಲಿಸಿದೆವು. ಮೂತಿ ತಗ್ಗಿತು. ತಗ್ಗಲಿ. ಭಾವನಿಗೆ ಅದು ಅಷ್ಟು ಇಷ್ಟವಾಗಲಿಲ್ಲ, ಫೋಟೋದಲ್ಲಿ ಎತ್ತರವಾಗಿ ಬಂದಿತ್ತಲ್ಲ.

ಡ್ಯಾಂಪರಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ನಮ್ಮ ಶಾಕಪ್ಪಿನ ಕೆಳಗೆ ಒಂದು ತಿರುಗಣೆ ಇತ್ತು, ತಿರುಗಿಸಿದರೆ ಕ್ಲಿಕ್ ಕ್ಲಿಕ್ ಅನ್ನುತ್ತದೆ. ಸ್ಪ್ರಿಂಗ್ ವಾಪಸ್ ಹಿಗ್ಗುವ ವೇಗ ಅದರಲ್ಲಿ ಬದಲಾಗುತ್ತದೆ. ಮುಂದಿನ ಬಂಪರ್ ಮೇಲೆ ಮೈಭಾರ ಹಾಕಿ ಒತ್ತಿ, ಬಿಡಿ. ಮೇಲೆ ಬಂದು, ಕೂದಲೆಳೆ ದಾಟಿ, ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ತಡೆ ಕಡಿಮೆ. ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ನಿಧಾನ ಬಂದರೆ ತಡೆ ಜಾಸ್ತಿ. ಈ ಎರಡನೆಯದು ಮೋಸದ್ದು, ನಿಂತಲ್ಲಿ ಚೆನ್ನಾಗಿಯೇ ಕಾಣುತ್ತದೆ. ಸಾಲಾಗಿ ಉಬ್ಬು ಬಂದಾಗ ಒಂದರಿಂದ ಎದ್ದು ಬರುವಷ್ಟರಲ್ಲಿ ಇನ್ನೊಂದು ಬರುತ್ತದೆ, ಗಾಡಿ ಕುಗ್ಗುತ್ತಾ ಕುಗ್ಗುತ್ತಾ ನೆಲಕ್ಕೆ ಹತ್ತಿರವಾಗುತ್ತದೆ.

ಸ್ಟೀರಿಂಗ್ ಒದೆಯುವುದಕ್ಕೆ ಕಾರಣ ಬೇರೆಯೇ ಇತ್ತು. ಎರಡು ಉಯ್ಯಾಲೆ ಅಕ್ಕಪಕ್ಕ ಕಟ್ಟಿ, ಒಂದಕ್ಕೆ ಉದ್ದ ಹಗ್ಗ, ಒಂದಕ್ಕೆ ಗಿಡ್ಡ ಹಗ್ಗ. ಎರಡರಲ್ಲೂ ಕೂತವರು ಕೈ ಹಿಡಿದುಕೊಂಡು ತೂಗಿದರೆ ಏನಾಗುತ್ತದೆ? ಅರ್ಧ ದಾರಿಯಲ್ಲೇ ಒಬ್ಬರು ಇನ್ನೊಬ್ಬರನ್ನು ಎಳೆಯುತ್ತಾರೆ. ಚಕ್ರವನ್ನು ಮೇಲೆ ಕೆಳಗೆ ಆಡಿಸುವ ತೋಳು ಒಂದು ಉಯ್ಯಾಲೆ. ಅದನ್ನು ಎಡಬಲ ತಿರುಗಿಸುವ ಟೈ ರಾಡ್ ಇನ್ನೊಂದು. ಎರಡೂ ಒಂದೇ ಕಮಾನಿನಲ್ಲಿ ಆಡದಿದ್ದರೆ ಉಬ್ಬಿನ ಮೇಲೆ ಟೈ ರಾಡ್ ಚಕ್ರವನ್ನು ಎಳೆದು, ನೀವು ತಿರುಗಿಸದೆಯೇ ಚಕ್ರ ತಿರುಗುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ಗಾಡಿ ನಿಂತಾಗ ತೋಳು, ಟೈ ರಾಡ್ ಎರಡೂ ಸುಮಾರು ಮಟ್ಟವಾಗಿ, ಒಂದಕ್ಕೊಂದು ಸಮನಾಗಿ ಇದ್ದರೆ ಇದು ಕಡಿಮೆ. ಮೊದಲ ವಾರ ಮೂತಿ ಎತ್ತಿದ್ದೆವಲ್ಲ, ಆಗ ಎರಡೂ ಬೇರೆ ಬೇರೆ ಓರೆಯಲ್ಲಿ ಕೆಳಗೆ ಜೋತಿದ್ದವು. ಎತ್ತರ ಇಳಿಸಿದ ಮೇಲೆ ಒದೆತ ಬಹುಮಟ್ಟಿಗೆ ತಾನಾಗಿಯೇ ಹೋಯಿತು.

ಎತ್ತರ ಬದಲಾದ ಮೇಲೆ ಅಲೈನ್‌ಮೆಂಟ್ ಮತ್ತೆ ನೋಡಲೇಬೇಕು. ಅಂಗಡಿಗೆ ಹೋಗಬೇಕಿಲ್ಲ. ಎರಡು ಮುಂದಿನ ಟೈರಿನ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ, ಮುಂಭಾಗದಲ್ಲಿ ಟೇಪ್ ಹಿಡಿದು ಅಳೆಯಿರಿ. ಗುರುತು ಹಿಂದೆ ಬರುವವರೆಗೆ ಗಾಡಿ ತಳ್ಳಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ ನಿಮ್ಮ ಗಾಡಿಯ ಮ್ಯಾನುಯಲ್ ಹೇಳುವಷ್ಟಿರಬೇಕು. ಇಲ್ಲದಿದ್ದರೆ ಟೈ ರಾಡ್ ತಿರುಗಿಸಿ ಸರಿಮಾಡಿ. ಓಡಿಸುವವರು ಸೀಟಿನಲ್ಲಿ ಕೂತಿರುವಾಗಲೇ ಅಳೆಯಿರಿ, ಇಲ್ಲದಿದ್ದರೆ ಅದು ಖಾಲಿ ಗಾಡಿಯ ಅಳತೆಯಾಗುತ್ತದೆ.

ಇನ್ನೊಂದು ಮಾತು, ಭಾವನಿಗೆ ಹೇಳಿದ್ದೇ ನಿಮಗೂ. ಗಾಡಿ ಮೆತ್ತಗಾದರೆ ಕಾಲು ತಾನಾಗಿ ಪೆಡಲ್ ಒತ್ತುತ್ತದೆ. ಆದರೆ ಬಹುಪಾಲು ಕಾರ್ಟ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಸಸ್ಪೆನ್ಷನ್ ಬದಲಾಯಿಸಿದರೆ ಬ್ರೇಕೇನೂ ಬದಲಾಗಲಿಲ್ಲ. ಗಾಡಿಯ ಅಗಲವೂ ಮೊದಲಿನಷ್ಟೇ, ಜೋರಾಗಿ ತಿರುಗಿಸಿದರೆ ಮಗುಚುವ ಗಾಡಿ ಮಗುಚುತ್ತದೆ.

ಹೊಸ ಸ್ಪ್ರಿಂಗ್ ಮೊದಮೊದಲು ಸ್ವಲ್ಪ ಕೂರುತ್ತದೆ, ಬೋಲ್ಟೂ ಸಡಿಲವಾಗುತ್ತದೆ. ಹಾಗಾಗಿ ಬಳೆ ನಟ್ಟಿನಿಂದ ಕೊಳವೆಯ ಮೇಲಕ್ಕೆ, ಪ್ರತಿ ಬೋಲ್ಟಿನಿಂದ ಪಕ್ಕದ ಕಬ್ಬಿಣಕ್ಕೆ, ಅಕ್ಕನ ಗುಲಾಬಿ ನೇಲ್ ಪಾಲಿಶ್‌ನಲ್ಲಿ ಒಂದೊಂದು ಗೆರೆ ಎಳೆದೆವು. ಯಾವುದು ತಿರುಗಿದರೂ ಗೆರೆ ಮುರಿಯುತ್ತದೆ. ಎರಡು ವಾರ ಬಿಟ್ಟು ಟಾರ್ಚ್ ಹಾಕಿ ನೋಡಿದಾಗ ಎಡಗಡೆ ಎಲ್ಲ ಗೆರೆ ಸರಿಯಾಗಿತ್ತು. ಬಲಗಡೆ ಕೆಳಗಿನ ತೋಳಿನ ಬೋಲ್ಟಿನಲ್ಲಿ ಮಾತ್ರ ಗೆರೆ ಅಕ್ಕಿಕಾಳಿನಷ್ಟು ಜರುಗಿತ್ತು. ಬಿಗಿ ಮಾಡಿ, ಹಳೆಯ ಗೆರೆ ಕೆರೆದು, ಹೊಸದು ಎಳೆದೆವು.